ಗಂಟೆಯ ಸದ್ದು ಕೇಳಿದ ಮೂವರು

"ಗುರುಗಳೇ, ಮೂವರು ಸಾಕ್ಷಿಗಳು ಒಂದೇ ಮಾತು ಹೇಳಿದ್ದಾರೆ. ಆರೋಪಿಯೂ ಅದನ್ನೇ ಒಪ್ಪಿಕೊಂಡಿದ್ದಾನೆ. ಇದಕ್ಕಿಂತ ಗಟ್ಟಿಯಾದ ಸತ್ಯ ಇನ್ನೊಂದು ಇರಲು ಸಾಧ್ಯವೇ?"

ಕೇಳಿದವನು ವೃಷಭೇಂದ್ರ. ಅವನು ಸಬ್ ಇನ್ಸ್‌ಪೆಕ್ಟರ್ ಆಗಿ ಎರಡು ವರ್ಷವಾಗಿತ್ತು. ಗುರುಗಳು ಪೊಲೀಸ್ ತರಬೇತಿ ಶಾಲೆಯಲ್ಲಿ ಅವನಿಗೆ ವಿಚಾರಣೆಯ ಪಾಠ ಹೇಳಿದವರು. ಈಗ ನಿವೃತ್ತರಾಗಿದ್ದರು. ಆದರೆ ಶಿಷ್ಯರು ಬಂದರೆ ಇಂದಿಗೂ ಬೆನ್ನು ನೇರ ಮಾಡಿಕೊಂಡೇ ಕೂರುತ್ತಿದ್ದರು.

"ಮೊದಲು ಕೇಸು ಹೇಳು" ಎಂದರು ಗುರುಗಳು. "ಕ್ರಮವಾಗಿ ಹೇಳು."

"ನಿವೃತ್ತ ನರ್ಸ್ ಒಬ್ಬರು ನಿನ್ನೆ ಸಂಜೆ ಹಾಲು ತರಲು ಹೋಗಿದ್ದರು. ಸ್ಕೂಟರಿನಲ್ಲಿ ಬಂದವನೊಬ್ಬ ಅವರ ಕೊರಳ ಸರ ಕಿತ್ತುಕೊಂಡು ಹೋದ. ನನಗೆ ಕೂಡಲೇ ಒಬ್ಬ ಗಾರೆ ಕೆಲಸದವನು ನೆನಪಾದ. ಹಿಂದೊಮ್ಮೆ ಅವನ ಮೇಲೆ ಅನುಮಾನ ಬಂದಿತ್ತು, ಸಾಬೀತಾಗಿರಲಿಲ್ಲ. ಯಾವಾಗಲೂ ಕೆಂಪು ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತಾನೆ. ಬೀದಿಯಲ್ಲಿದ್ದ ಮೂವರನ್ನು ವಿಚಾರಿಸಿದೆ. ಮೂವರೂ ಕೆಂಪು ಹೆಲ್ಮೆಟ್ ಕಂಡಿದ್ದಾರೆ. ಇವತ್ತು ಬೆಳಗ್ಗೆ ಅವನನ್ನು ಕರೆತಂದೆ. ಮಧ್ಯಾಹ್ನದ ಹೊತ್ತಿಗೆ ಒಪ್ಪಿಕೊಂಡ."

"ಸರ ಸಿಕ್ಕಿತೇ?"

"ಇಲ್ಲ. ಮಾರಿದೆ ಎನ್ನುತ್ತಾನೆ. ಯಾರಿಗೆ ಎಂದು ಹೇಳುತ್ತಿಲ್ಲ."

"ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯಿಂದ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗುವುದಿಲ್ಲ. ಪಾಠ ಮರೆತಿಲ್ಲ ತಾನೆ?"

"ಮರೆತಿಲ್ಲ. ನಾನು ಕೇಳುತ್ತಿರುವುದು ನ್ಯಾಯಾಲಯದ ಮಾತಲ್ಲ, ಗುರುಗಳೇ. ನಾಳೆ ಬೆಳಗ್ಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅವನ ಹೆಂಡತಿ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಾಳೆ. ಅವಳನ್ನು ದಾಟಿಕೊಂಡು ಬರುವಾಗ ನನಗೆ ಒಂದಿಷ್ಟೂ ಸಂದೇಹವಿರಲಿಲ್ಲ. ಇಷ್ಟೊಂದು ಖಾತ್ರಿ ಎಲ್ಲಿಂದ ಬಂತು ಎಂದು ದಾರಿಯಲ್ಲಿ ಕುತೂಹಲವಾಯಿತು. ಅದಕ್ಕೇ ಬಂದೆ."

ಗುರುಗಳು ಅವನಿಗೆ ಎದುರಿನ ಕುರ್ಚಿ ತೋರಿಸಿದರು. ಅವನು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ. ಗುರುಗಳು ಕತೆ ಆರಂಭಿಸಿದರು.

ಒಂದು ಪಟ್ಟಣವಿತ್ತು. ಅಲ್ಲಿಗೆ ಹೊಸ ಕೊತ್ವಾಲ ಬಂದ. ಊರಿನ ಕಾವಲು ಮತ್ತು ಕಳವಿನ ವಿಚಾರಣೆ ಅವನ ಕೆಲಸ. ಅವನು ಪ್ರಾಮಾಣಿಕ. ಯಾರ ಮನೆಯಲ್ಲೂ ನೀರು ಕೂಡ ಕುಡಿಯುತ್ತಿರಲಿಲ್ಲ. ಹಿಂದಿನ ಊರಿನಲ್ಲಿ ಅವನು ಹಿಡಿದ ಯಾವ ಕಳವಿನ ವಿಚಾರಣೆಯೂ ಒಂಬತ್ತು ದಿನ ದಾಟಿರಲಿಲ್ಲ. ಅದು ಅವನ ಹೆಮ್ಮೆ.

ಆ ಪಟ್ಟಣದ ಕೆರೆಯ ಬಳಿ ಕಂಚುಗಾರರ ಬೀದಿ ಇತ್ತು. ಅಲ್ಲಿಯ ಒಬ್ಬ ಕಂಚುಗಾರ, ಬೆಟ್ಟದ ಮೇಲಿನ ಒಂದು ಹಳ್ಳಿಯ ದೇವಸ್ಥಾನಕ್ಕೆ ದೊಡ್ಡದೊಂದು ಗಂಟೆ ಎರಕ ಹೊಯ್ದಿದ್ದ. ಗಟ್ಟಿಮುಟ್ಟಾದ ಒಬ್ಬ ಆಳು ಹೆಗಲ ಮೇಲೆ ಹೊರಬಹುದಾದಷ್ಟು ತೂಕ. ಅದೇ ವಾರ ಇನ್ನೊಂದು ಹಳ್ಳಿಯ ಗೃಹಸ್ಥನ ಮಗಳ ಮದುವೆಗೆ ನೀರು ಕಾಯಿಸುವ ಹಂಡೆಯನ್ನೂ ಮಾಡಿ ಮುಗಿಸಿದ್ದ. ಎರಡಕ್ಕೂ ಒಣಹುಲ್ಲು ಸುತ್ತಿ, ಹುರಿ ಬಿಗಿದು, ಅಂಗಳದಲ್ಲಿ ಬೋರಲು ಹಾಕಿದ್ದ.

ಸಂತೆಯ ದಿನ ಪಕ್ಕದ ಬೀದಿಯಲ್ಲಿ ನಾಮಕರಣವಿತ್ತು. ಕಂಚುಗಾರರ ಬೀದಿಯವರೆಲ್ಲ ಊಟಕ್ಕೆ ಹೋದರು. ಅಂಗಳದಲ್ಲಿ ಉಳಿದವನು ಮೇಣದ ಅಚ್ಚು ಮಾಡುವ ಆಳು ಒಬ್ಬನೇ. ಅವನೂ ನಡು ಮಧ್ಯಾಹ್ನ ಬುತ್ತಿ ಹಿಡಿದು ಕೆರೆಯ ಮಂಟಪಕ್ಕೆ ಹೋಗಿ, ಉಂಡು, ಅಲ್ಲೇ ಮಲಗಿದ. ಕಂಚುಗಾರ ಹಿಂದಿರುಗಿದಾಗ ಅಂಗಳದಲ್ಲಿ ಹುಲ್ಲು ಸುತ್ತಿದ್ದು ಒಂದೇ ಇತ್ತು. ಹುರಿ ಸಡಿಲಿಸಿ ನೋಡಿದ. ಅದು ಹಂಡೆ. ಗಂಟೆ ಹೋಗಿತ್ತು.

ಕಂಚುಗಾರ ಕೊತ್ವಾಲನ ಬಳಿಗೆ ಓಡಿದ.

"ಯಾರ ಮೇಲಾದರೂ ಅನುಮಾನವಿದೆಯೇ?" ಎಂದು ಕೊತ್ವಾಲ ಕೇಳಿದ.

"ನಮ್ಮ ಆಳಿನ ಮೇಲೆ. ಮೊನ್ನೆ ಒಂದು ಅಚ್ಚು ಕೆಡಿಸಿದ ಅಂತ ಬೈದಿದ್ದೆ. 'ಅಷ್ಟು ಮಾತಾಡಬೇಡಿ ಯಜಮಾನರೇ, ನಾನಿಲ್ಲದಿದ್ದರೆ ನಿಮ್ಮ ಅಂಗಳದಲ್ಲಿ ಗಂಟೆಯೂ ಇರಲ್ಲ, ಗಿಂಟೆಯೂ ಇರಲ್ಲ' ಅಂದಿದ್ದ. ನಾಲ್ಕು ಜನರ ಎದುರಿಗೇ ಅಂದಿದ್ದ, ಸ್ವಾಮಿ."

ಕೊತ್ವಾಲನಿಗೆ ಅಷ್ಟು ಸಾಕಾಯಿತು. ಮನಸ್ಸಿನಲ್ಲಿ ಚಿತ್ರ ಪೂರ್ತಿಯಾಯಿತು. ಸಿಟ್ಟಿನ ಆಳು ಗಂಟೆಯನ್ನು ಹೆಗಲ ಮೇಲೆ ಹೊತ್ತು ಹೋಗುತ್ತಿದ್ದಾನೆ. ಗಂಟೆ ತೂಗುತ್ತಿದೆ, ಸದ್ದು ಮಾಡುತ್ತಿದೆ. ಸದ್ದು ಕೇಳಿದವರು ಸಿಕ್ಕಿದರೆ ಕೆಲಸ ಮುಗಿಯಿತು.

ಮರುದಿನ ಮೂವರನ್ನು ಚಾವಡಿಗೆ ಕರೆಸಿದ. ಸಂತೆಯ ದಿನ ಆ ದಾರಿಯಲ್ಲಿದ್ದವರು ಒಬ್ಬ ರೈತ, ಒಬ್ಬ ಬಳೆಗಾರ, ಒಬ್ಬಳು ಮಜ್ಜಿಗೆ ಮಾರುವ ಹೆಂಗಸು. ಮೂವರನ್ನೂ ಸಾಲಾಗಿ ನಿಲ್ಲಿಸಿದ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಂತೆ ನಿಲ್ಲಿಸಿದ. ಪಕ್ಕದಲ್ಲಿ ಗುಮಾಸ್ತ ಬರೆಯಲು ಕೂತ.

"ಕಂಚುಗಾರನ ಆಳು ಹೆಗಲ ಮೇಲೆ ಗಂಟೆ ಹೊತ್ತು ಹೋಗುತ್ತಿದ್ದುದನ್ನು ಕಂಡೆಯಾ?"

"ಆ ಆಳು ಏನೋ ಹಿಡಿದು ಹೋಗೋದು ಕಂಡೆ, ಸ್ವಾಮಿ" ಎಂದ ರೈತ. ಅವನು ಕಂಡದ್ದು ಬುತ್ತಿಯ ಗಂಟು.

"ಗಂಟೆಯ ಸದ್ದು ಜೋರಾಗಿತ್ತೋ, ಮೆಲ್ಲಗಿತ್ತೋ?"

ರೈತ ಯೋಚಿಸಿದ. ಸಂತೆಯ ದಿನ ಎತ್ತುಗಳ ಕೊರಳಲ್ಲೆಲ್ಲ ಗಂಟೆಗಳಿದ್ದವು. ಜೋರೋ ಮೆಲ್ಲಗೋ ಎಂದು ಕೇಳಿದರೆ ಎರಡರಲ್ಲಿ ಒಂದನ್ನು ಹೇಳಬೇಕು. "ಮೆಲ್ಲಗಿತ್ತು, ಸ್ವಾಮಿ" ಎಂದ.

ಬಳೆಗಾರನನ್ನು ಕೇಳಿದ. ಬಳೆಗಾರ ರೈತನ ಮುಖ ನೋಡಿದ. "ಹೌದು, ಮೆಲ್ಲಗೆ. ಎರಡು ಮೂರು ಸಲ ಕೇಳಿಸಿತು" ಎಂದ.

ಮಜ್ಜಿಗೆಯವಳ ಸರದಿ ಬಂತು. "ನಾನು ಅರಳಿಮರದ ಕೆಳಗೆ ಕೂತಿದ್ದೆ, ಬುದ್ಧಿ. ಆ ಕಡೆಯಿಂದ ಒಂದು ಗಾಡಿ ಬಂತು..."

"ಗಾಡಿಯ ಸುದ್ದಿ ನಾನು ಕೇಳಲಿಲ್ಲಮ್ಮ. ಗಂಟೆಯ ಸದ್ದು ಕೇಳಿಸಿತೋ ಇಲ್ಲವೋ, ಅಷ್ಟು ಹೇಳು."

ಅವಳು ಮಜ್ಜಿಗೆಯ ಗಡಿಗೆಯನ್ನು ಚಾವಡಿಯ ಹೊರಗೆ ಬಿಸಿಲಿನಲ್ಲಿ ಇಟ್ಟು ಬಂದಿದ್ದಳು. ಇನ್ನೂ ಸ್ವಲ್ಪ ಹೊತ್ತಾದರೆ ಅದು ಹುಳಿಯಾಗಿ ಹೋಗುತ್ತಿತ್ತು. "ಇವರಿಬ್ಬರಿಗೂ ಕೇಳಿಸಿದ್ದರೆ ನನಗೂ ಕೇಳಿಸಿರಬೇಕು, ಬುದ್ಧಿ" ಎಂದಳು.

ಗುಮಾಸ್ತ ಬರೆದ: ಮೂವರೂ ಗಂಟೆಯ ಸದ್ದನ್ನು ಕೇಳಿದ್ದಾರೆ.

ಬಳಿಕ ಆಳನ್ನು ಕರೆತಂದರು.

ಇಲ್ಲಿ ಶಿಷ್ಯ ನಡುವೆ ಬಾಯಿ ಹಾಕಿದ. "ಕೊತ್ವಾಲ ಅವನನ್ನು ಹೊಡೆದನೇ, ಗುರುಗಳೇ?"

"ಇಲ್ಲ. ಹೊಡೆದಿದ್ದರೆ ನಿನಗೆ ಈ ಕತೆ ಹೇಳುವ ಅಗತ್ಯವಿರುತ್ತಿರಲಿಲ್ಲ" ಎಂದು ಗುರುಗಳು ಮುಂದುವರಿಸಿದರು.

ಕೊತ್ವಾಲ ಬೆತ್ತ ಮುಟ್ಟಲಿಲ್ಲ. ಬೈಯಲೂ ಇಲ್ಲ. ಆಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದ. ಆಳು ಇಲ್ಲ ಎಂದ. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ. ತಾನು ದಣಿದಾಗ ಗುಮಾಸ್ತನಿಂದ ಕೇಳಿಸಿದ. ಗುಮಾಸ್ತ ದಣಿದಾಗ ಕಾವಲುಗಾರನಿಂದ ಕೇಳಿಸಿದ. ಕೇಳುವವರು ಬದಲಾದರು, ನಿಂತವನು ಬದಲಾಗಲಿಲ್ಲ. ಅವನು ತೂಕಡಿಸಿದರೆ ಭುಜ ತಟ್ಟಿ ಎಬ್ಬಿಸಿದರು. ನೀರು ಕೇಳಿದರೆ, ಉತ್ತರ ಕೊಟ್ಟ ಮೇಲೆ ಎಂದರು. ಅವನ ಹೆಂಡತಿ ಮುದ್ದೆ ಕಟ್ಟಿಕೊಂಡು ಚಾವಡಿಗೆ ಬಂದಳು. ವಿಚಾರಣೆ ನಡೆಯುತ್ತಿದೆ ಎಂದು ಹೇಳಿ ಅವಳನ್ನು ಕಳುಹಿಸಿದರು. ಹೀಗೆ ಮೂರು ದಿನ.

ನಾಲ್ಕನೆಯ ದಿನ ಕೊತ್ವಾಲ ಮೃದುವಾಗಿ ಹೇಳಿದ: "ನೋಡಪ್ಪ, ಮೂವರು ನಿನ್ನ ಗಂಟೆಯ ಸದ್ದು ಕೇಳಿದ್ದಾರೆ. ಅವರಿಗೂ ನಿನಗೂ ಹಗೆಯಿಲ್ಲ. ಮೊದಲು ಸದ್ದು ಬಂತು, ಆಮೇಲೆ ನಿಂತಿತು. ಸದ್ದು ನಿಲ್ಲಿಸಲು ಏನು ಮಾಡಿದೆ?"

ಆಳು ಅವನ ಮುಖ ನೋಡಿದ. ಬಳಿಕ ಹೇಳಿದ: "ರುಮಾಲು ಬಿಚ್ಚಿ ಗಂಟೆಯ ನಾಲಿಗೆಗೆ ಸುತ್ತಿದೆ."

"ಬರೆದುಕೋ" ಎಂದು ಕೊತ್ವಾಲ ಗುಮಾಸ್ತನಿಗೆ ಹೇಳಿದ. "ಗಂಟೆ ಎಲ್ಲಿದೆ?"

"ಕೆರೆಗೆ ಹಾಕಿದೆ."

ಆಳಿಗೆ ನೀರು ಕೊಟ್ಟರು. ಕೂರಲು ಚಾಪೆ ಕೊಟ್ಟರು. ಬೆಸ್ತರು ಎರಡು ದಿನ ಕೆರೆಯಲ್ಲಿ ಮುಳುಗಿ ಹುಡುಕಿದರು. ಗಂಟೆ ಸಿಗಲಿಲ್ಲ. ಹೂಳಿನಲ್ಲಿ ಇಳಿದಿರಬೇಕು ಎಂದು ಕೊತ್ವಾಲ ಬರೆಸಿದ. ಒಂಬತ್ತು ದಿನ ಇನ್ನೂ ಆಗಿರಲಿಲ್ಲ.

ಆ ಸೀಮೆಯಲ್ಲಿ ದೇವಸ್ಥಾನದ ಲೋಹ ಕದ್ದವನಿಗೆ ಬಲಗೈ ಹೆಬ್ಬೆರಳು ಕಡಿಯುವ ಶಿಕ್ಷೆ ಇತ್ತು. ಮೇಣ ತೀಡಿ ಅಚ್ಚು ಮಾಡುವವನಿಗೆ ಹೆಬ್ಬೆರಳು ಹೋದರೆ ಕೈ ಹೋದಂತೆ. ಶಿಕ್ಷೆ ಹೇಳುವ ಅಧಿಕಾರ ಕೊತ್ವಾಲನಿಗಿರಲಿಲ್ಲ. ಅದು ಅವನ ಮೇಲಿನ ಅಮಲ್ದಾರನದು. ಅಮಲ್ದಾರನಿಗೂ ಒಂದು ಕಟ್ಟಳೆ ಇತ್ತು. ಬರೆದ ಹೇಳಿಕೆಗಳನ್ನೆಲ್ಲ ಹತ್ತು ಜನರ ಎದುರು ಗಟ್ಟಿಯಾಗಿ ಓದಿಸದೆ ಅವನು ತೀರ್ಪು ಹೇಳುವಂತಿರಲಿಲ್ಲ. ಹಿಂದಿನವರು ಯಾಕೆ ಹೀಗೆ ಮಾಡಿದ್ದರೋ ಅವನಿಗೆ ತಿಳಿಯದು. ಬೇಸರದ ಕೆಲಸವೆಂದು ಅಂದುಕೊಂಡಿದ್ದ. ಆದರೂ ಬಿಡದೆ ಮಾಡುತ್ತಿದ್ದ.

ಚಾವಡಿ ತುಂಬಿತು. ಕಂಚುಗಾರ ಮುಂದೆಯೇ ಕೂತ. ತನ್ನ ಗಂಟೆ ಕದ್ದವನ ಹೆಬ್ಬೆರಳು ಹೋಗುವುದನ್ನು ನೋಡಿಯೇ ಏಳುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದಿದ್ದ. ಗುಮಾಸ್ತ ಓದಲು ತೊಡಗಿದ. ರೈತನ ಹೇಳಿಕೆಗೆ ಕಂಚುಗಾರ ಕತ್ತೆತ್ತಿದ. ಬಳೆಗಾರನ ಹೇಳಿಕೆಗೆ ಹುಬ್ಬು ಗಂಟಿಕ್ಕಿದ. ಆಳಿನ ಹೇಳಿಕೆ ಬಂದಾಗ ಎದ್ದು ನಿಂತ.

"ಅದನ್ನು ಇನ್ನೊಂದು ಸಲ ಓದಿ."

ಗುಮಾಸ್ತ ಓದಿದ: "ರುಮಾಲು ಬಿಚ್ಚಿ ಗಂಟೆಯ ನಾಲಿಗೆಗೆ ಸುತ್ತಿದೆ."

ಕಂಚುಗಾರ ತಕ್ಷಣ ಮಾತನಾಡಲಿಲ್ಲ. ಮಾತನಾಡಿದರೆ ಗಂಟೆಯೂ ಇಲ್ಲ, ಕಳ್ಳನೂ ಇಲ್ಲ ಎಂದಾಗುತ್ತಿತ್ತು. ಅವನು ಆಳಿನ ಕಡೆ ನೋಡಿದ. ಆಳು ನೆಲ ನೋಡುತ್ತಿದ್ದ.

"ಆ ಗಂಟೆಗೆ ನಾಲಿಗೆ ಇರಲಿಲ್ಲ, ಸ್ವಾಮಿ" ಎಂದ ಕಂಚುಗಾರ.

ಅಮಲ್ದಾರ ಮುಂದಕ್ಕೆ ಬಾಗಿದ. "ನಾಲಿಗೆಯಿಲ್ಲದ ಗಂಟೆಯೇ?"

"ನಾವು ಹೊಯ್ಯುವುದು ಕಂಚಿನ ಮೈ ಮಾತ್ರ. ಒಳಗೆ ತೂಗುವ ನಾಲಿಗೆ ಕಬ್ಬಿಣದ್ದು. ಅದನ್ನು ಗಂಟೆ ಕೊಂಡ ಊರಿನ ಕಮ್ಮಾರನೇ ಬಡಿಯಬೇಕು, ದೇವಸ್ಥಾನದಲ್ಲೇ ಕಟ್ಟಬೇಕು. ಗಂಟೆಯ ಮೊದಲ ಸದ್ದು ಆ ಊರಿನವರದು. ಅದು ನಮ್ಮ ಬೀದಿಯಲ್ಲಿ ಕೇಳಿಸಬಾರದು. ನಮ್ಮ ತಾತನ ಕಾಲದಿಂದ ಹೀಗೆಯೇ. ಮೇಲಾಗಿ ಅದರ ಹೊಟ್ಟೆ ತುಂಬ ನಾನೇ ಹುಲ್ಲು ತುರುಕಿದ್ದೆ. ಅದನ್ನು ಬೆಟ್ಟದ ಮೇಲಿಂದ ಉರುಳಿಸಿದ್ದರೂ ಸದ್ದು ಬರುತ್ತಿರಲಿಲ್ಲ."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ, ಸ್ವಾಮಿ. ಅನುಮಾನ ಯಾರ ಮೇಲೆ ಅಂತ ಕೇಳಿದರು. ಅದನ್ನು ಹೇಳಿದೆ."

ಅಮಲ್ದಾರ ಆಳಿನ ಕಡೆ ತಿರುಗಿದ. "ಇದು ನಿನಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು, ಬುದ್ಧಿ. ಹದಿನೆಂಟು ವರ್ಷದಿಂದ ಅದೇ ಅಂಗಳದಲ್ಲಿದ್ದೇನೆ."

"ಮತ್ತೆ ಇಲ್ಲದ ನಾಲಿಗೆಗೆ ರುಮಾಲು ಸುತ್ತಿದೆ ಎಂದು ಯಾಕೆ ಹೇಳಿದೆ?"

"ಮೂರು ದಿನ ಇಲ್ಲ ಅಂದೆ. ಇಲ್ಲ ಅಂದದ್ದನ್ನು ಯಾರೂ ಬರೆಯಲಿಲ್ಲ. ಹೂಂ ಅಂದರೆ ಮಾತ್ರ ಬರೆಯುತ್ತಾರೆ ಅಂತ ತಿಳಿಯಿತು. ನಿಲ್ಲಲು ಕಾಲಿರಲಿಲ್ಲ. ಹೇಗೂ ಹೂಂ ಅನ್ನಬೇಕು. ಆಗಲಾರದ ಮಾತೊಂದನ್ನು ಹೇಳಿದರೆ, ಓದುವ ದಿನ ನಮ್ಮ ಬೀದಿಯವರು ಒಬ್ಬರಾದರೂ ಇರುತ್ತಾರೆ, ಅವರಿಗೆ ಗೊತ್ತಾಗುತ್ತೆ ಅಂದುಕೊಂಡೆ."

ಅವನು ತಲೆ ಎತ್ತಿ ಕಂಚುಗಾರನನ್ನು ನೋಡಿದ. "ಯಜಮಾನರು ಬಾಯಿ ಬಿಡುತ್ತಾರೋ ಇಲ್ಲವೋ ಅಂತ ಮಾತ್ರ ಗೊತ್ತಿರಲಿಲ್ಲ."

ಕಂಚುಗಾರ ಕೂತುಕೊಂಡ.

ಅಮಲ್ದಾರ ಕೊತ್ವಾಲನನ್ನು ಹತ್ತಿರ ಕರೆದ. ಕೊತ್ವಾಲನ ಮುಖ ಬಾಡಿತ್ತು. ಅವನು ಒಂದೇ ಮಾತು ಕೇಳಿದ: "ಅವರು ಮೂವರು ಸುಳ್ಳು ಯಾಕೆ ಹೇಳಿದರು? ಅವರಿಗೆ ಇದರಿಂದ ಏನು ಲಾಭ?"

"ಅದನ್ನು ನೀನೇ ಹೋಗಿ ತಿಳಿದುಕೊಂಡು ಬಾ" ಎಂದ ಅಮಲ್ದಾರ. "ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳು. ಕೂರಿಸಿ ಕೇಳು. ಹೆಂಗಸನ್ನು ಚಾವಡಿಗೆ ಕರೆಸಬೇಡ, ಅವಳ ಮನೆಗೆ ಹೋಗು, ಅವಳ ಮನೆಯವರು ಜೊತೆಯಲ್ಲಿರಲಿ. ಅವರ ಬಾಯಿಂದ ಬಂದ ಮಾತನ್ನೇ ಬರೆಸು, ನಿನ್ನ ಮಾತನ್ನಲ್ಲ. ಇನ್ನೊಂದು ಷರತ್ತು ಇದೆ."

"ಏನು?"

"ಗಂಟೆ ಎಂಬ ಮಾತು ನಿನ್ನ ಬಾಯಿಂದ ಬರಬಾರದು."

ಕೊತ್ವಾಲನಿಗೆ ಇದು ಮಕ್ಕಳ ಆಟದಂತೆ ಕಂಡಿತು. ಗಂಟೆಯ ಕಳವನ್ನು ಗಂಟೆ ಎನ್ನದೆ ವಿಚಾರಿಸುವುದು ಹೇಗೆ? ಆದರೂ ಹೊರಟ.

ಮೊದಲು ರೈತನ ಹೊಲಕ್ಕೆ ಹೋದ. ಬದುವಿನ ಮೇಲೆ ಅವನ ಪಕ್ಕದಲ್ಲಿ ಕೂತು, "ಸಂತೆಯ ದಿನ ನೀನು ಕಂಡದ್ದನ್ನು ಮೊದಲಿನಿಂದ ಹೇಳು" ಎಂದ. ರೈತ ಹೇಳಿದ. ಗಂಟೆಯ ಸದ್ದನ್ನೂ ಹೇಳಿದ. ಚಾವಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹೇಳಿದ. ಗಂಟೆಯ ಸದ್ದು ಎಡಗಡೆಯಿಂದ ಬಂತು ಎಂದ. ಒಡೆದ ಕಂಚಿನಂತೆ ಇರಲಿಲ್ಲ, ಒಳ್ಳೆಯ ಕಂಚಿನ ಸದ್ದು ಎಂದ. ಕೊತ್ವಾಲ ಅವನ ಕಣ್ಣುಗಳನ್ನೇ ನೋಡಿದ. ಅವುಗಳಲ್ಲಿ ಕಪಟವಿರಲಿಲ್ಲ.

ಬಳೆಗಾರ ಮಾತ್ರ ತಡವರಿಸಿದ. "ರೈತ ಕೇಳಿಸಿತು ಅಂದ. ಒಳ್ಳೆಯ ಮನುಷ್ಯ, ನನ್ನ ಹತ್ತಿರ ವರ್ಷ ವರ್ಷ ಬಳೆ ಕೊಳ್ಳುತ್ತಾನೆ. ಅವನ ಮಾತು ಸುಳ್ಳಾಗಿಸುವುದು ಸರಿಯಲ್ಲ ಅನಿಸಿತು. ನನಗೆ ನನ್ನ ಬಳೆಯ ಸದ್ದು ಬಿಟ್ಟು ಬೇರೆ ಕೇಳಿಸಲಿಲ್ಲ, ಸ್ವಾಮಿ."

ಮಜ್ಜಿಗೆಯವಳ ಮನೆಯ ಜಗಲಿಯಲ್ಲಿ ಅವಳ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಕೊತ್ವಾಲ ರೈತನನ್ನು ಕೇಳಿದ್ದನ್ನೇ ಕೇಳಿ ಸುಮ್ಮನಾದ. ಮಜ್ಜಿಗೆಯವಳು ಮಾತು ಶುರುಮಾಡಿದಳು. ಅಂದು ಮಜ್ಜಿಗೆಗೆ ಉಪ್ಪು ಹೆಚ್ಚಾಗಿದ್ದುದನ್ನು ಹೇಳಿದಳು. "ಹೆಚ್ಚಾಗಿತ್ತು ಅಂತ ನಾನು ಆಗಲೇ ಹೇಳಿದ್ದೆ" ಎಂದಳು ಅತ್ತೆ. ಅರಳಿಮರದ ನೆರಳು ಯಾವ ಹೊತ್ತಿಗೆ ಎಲ್ಲಿಗೆ ಸರಿಯುತ್ತದೆ ಎಂದು ಸೊಸೆ ಹೇಳಿದಳು. ಕೊತ್ವಾಲನ ನಾಲಿಗೆಯ ತುದಿಗೆ ಮೂರು ಸಲ ಗಂಟೆ ಎಂಬ ಮಾತು ಬಂತು. ಮೂರು ಸಲವೂ ನುಂಗಿಕೊಂಡ.

"ಆಮೇಲೆ ಆ ಗಾಡಿಯವನು ಬಂದ" ಎಂದಳು ಅವಳು. "ಎರಡು ಬೋಗುಣಿ ಮಜ್ಜಿಗೆ ಕುಡಿದ. ಗಾಡಿಯ ತುಂಬ ಹುಲ್ಲು. ಬೆನ್ನು ಹಿಡಿದುಕೊಂಡು ಗೊಣಗುತ್ತಿದ್ದ."

"ಏನೆಂದು ಗೊಣಗಿದ?"

"'ಮದುವೆ ಮನೆಗೆ ಹಂಡೆ ತಗೊಂಡು ಹೋಗುತ್ತಿದ್ದೀನಿ ತಾಯಿ, ಇಷ್ಟು ಭಾರದ ಹಂಡೆ ನನ್ನ ಜನ್ಮದಲ್ಲಿ ಎತ್ತಿಲ್ಲ' ಅಂದ. 'ಬೀಗರು ದಪ್ಪಗಿರಬೇಕು, ನೀರು ಹೆಚ್ಚು ಬೇಕು' ಅಂತ ನಾನೂ ಅಂದೆ."

ಅತ್ತೆ ನಕ್ಕಳು. ಕೊತ್ವಾಲ ನಗಲಿಲ್ಲ. ಕಂಚುಗಾರನ ಅಂಗಳದಲ್ಲಿ ಇನ್ನೂ ಉಳಿದಿದ್ದ ಹಂಡೆ ಅವನಿಗೆ ನೆನಪಾಯಿತು.

"ಇದನ್ನು ಅವತ್ತೇ ಯಾಕೆ ಹೇಳಲಿಲ್ಲಮ್ಮ?"

"ಹೇಳೋಕೆ ಬಾಯಿ ತೆಗೆದೆ, ಬುದ್ಧಿ. ಗಾಡಿ ಸುದ್ದಿ ಬೇಡ ಅಂದಿರಿ."

ಕೊತ್ವಾಲ ಮದುವೆಯ ಮನೆಗೆ ಹೋದ. ಮದುವೆಗೆ ಇನ್ನೂ ಹನ್ನೆರಡು ದಿನವಿತ್ತು. ಹಂಡೆಯನ್ನು ಒಳ್ಳೆಯ ದಿನ ನೋಡಿ ಬಿಚ್ಚೋಣ ಎಂದು ಕೊಟ್ಟಿಗೆಯಲ್ಲಿ ಹಾಗೆಯೇ ಇಟ್ಟಿದ್ದರು. ಎಲ್ಲರ ಎದುರು ಹುರಿ ಬಿಚ್ಚಿದರು. ಹುಲ್ಲು ಸರಿಸಿದರು. ಗೃಹಸ್ಥ ಸುತ್ತಲೂ ಒಂದು ಬಾರಿ ನಡೆದು ನೋಡಿದ. "ಇದಕ್ಕೆ ತಲೆಯ ಮೇಲೆ ಕೊಂಡಿ ಇದೆಯಲ್ಲ" ಎಂದ. ಕಂಚುಗಾರನ ಅಂಗಳಕ್ಕೆ ಹೋದಾಗ ಕೇಳಲು ಯಾರೂ ಇರಲಿಲ್ಲ, ಹುಲ್ಲು ಸುತ್ತಿದವು ಎರಡಿದ್ದವು, ಬಾಗಿಲಿಗೆ ಹತ್ತಿರವಿದ್ದುದನ್ನು ತಂದೆ ಎಂದು ಆ ಮನೆಯ ಗಾಡಿಯವನು ಹೇಳಿದ. ಗಂಟೆ ಬೆಟ್ಟದ ಹಳ್ಳಿಗೆ ಹೋಯಿತು, ಹಂಡೆ ಮದುವೆಯ ಮನೆಗೆ. ಕಳವೇ ಆಗಿರಲಿಲ್ಲ. ಹೆಬ್ಬೆರಳು ಉಳಿಯಿತು.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

"ರೈತ ಏನಾದ?" ಎಂದು ಶಿಷ್ಯ ಕೇಳಿದ. "ಗಂಟೆ ಸಿಕ್ಕಿದ ಮೇಲೆ ತನ್ನ ಮಾತು ಹಿಂತೆಗೆದುಕೊಂಡನೇ?"

"ಇಲ್ಲ. ಕೊತ್ವಾಲ ಅವನನ್ನು ಕರೆದುಕೊಂಡು ಹೋಗಿ, ನಾಲಿಗೆಯಿಲ್ಲದ ಆ ಗಂಟೆಯನ್ನು ತೋರಿಸಿದ. ರೈತ ಒಳಗೆ ಕೈಯಾಡಿಸಿ ನೋಡಿದ. 'ಇದಕ್ಕೆ ನಾಲಿಗೆಯಿಲ್ಲ, ಸರಿ. ಆದರೂ ನಾನು ಸದ್ದು ಕೇಳಿದ್ದು ನಿಜ' ಎಂದ. ಸಾಯುವ ತನಕ ಹಾಗೆಯೇ ಹೇಳಿದ. ಅವನು ಸುಳ್ಳುಗಾರನಲ್ಲ. ಅವನ ಕಿವಿಯಲ್ಲಿ ಆ ಸದ್ದು ನಿಜವಾಗಿ ಇತ್ತು. ತಾನೇ ಒಳಗೆ ಇಟ್ಟದ್ದನ್ನು ಹೊರಗೆ ತೆಗೆಯಲು ಕೊತ್ವಾಲನಿಂದ ಆಗಲಿಲ್ಲ."

"ಕೊತ್ವಾಲನ ಕೆಲಸ ಹೋಯಿತೇ?"

"ಉಳಿಯಿತು. ಅಂದಿನಿಂದ ಅವನು ಒಂದು ಕ್ರಮ ಇಟ್ಟುಕೊಂಡ. ಯಾರನ್ನಾದರೂ ಪ್ರಶ್ನಿಸುವ ಮೊದಲು, ತನಗೆ ಗೊತ್ತು ಎಂದುಕೊಂಡದ್ದನ್ನೆಲ್ಲ ಒಂದು ಓಲೆಯಲ್ಲಿ ಬರೆದು, ಮಡಚಿ, ಅಮಲ್ದಾರನ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದ. ಆ ಓಲೆಯಲ್ಲಿದ್ದ ಯಾವ ಮಾತನ್ನೂ ತಾನು ಮೊದಲು ಆಡುತ್ತಿರಲಿಲ್ಲ. ಅವನ ವಿಚಾರಣೆಗಳು ಒಂಬತ್ತು ದಿನದಲ್ಲಿ ಮುಗಿಯುವುದು ನಿಂತಿತು. ಕೆಲವು ಮುಗಿಯಲೇ ಇಲ್ಲ. ಊರಿನವರು ಅವನನ್ನು ನಿಧಾನದ ಕೊತ್ವಾಲ ಎಂದು ಆಡಿಕೊಂಡರು. ಅವನಿಗೆ ಅದರಿಂದ ಬೇಸರವಾಗಲಿಲ್ಲ ಎಂದು ನಾನು ಹೇಳಲಾರೆ. ಆಯಿತು. ಆದರೂ ಕ್ರಮ ಬಿಡಲಿಲ್ಲ."

ಶಿಷ್ಯ ನಿಟ್ಟುಸಿರು ಬಿಟ್ಟು ಎದ್ದ. ಅವನ ಮುಖದಲ್ಲಿ ಸಮಾಧಾನವಿತ್ತು.

"ಒಳ್ಳೆಯ ಕತೆ, ಗುರುಗಳೇ. ಆದರೆ ನನ್ನ ಕೇಸು ಬೇರೆ. ನಾನು ಆ ಗಾರೆ ಕೆಲಸದವನನ್ನು ನಿಲ್ಲಿಸಿ ಕೇಳಿಲ್ಲ, ಕುರ್ಚಿ ಕೊಟ್ಟಿದ್ದೇನೆ. ನೀರು ಕೊಟ್ಟಿದ್ದೇನೆ, ಊಟ ತರಿಸಿದ್ದೇನೆ. ಬಂಧಿಸಿದ ಸುದ್ದಿಯನ್ನು ಅವನ ಹೆಂಡತಿಗೆ ಆ ಕೂಡಲೇ ತಿಳಿಸಿದ್ದೇನೆ. ವಕೀಲರನ್ನು ಕಾಣಬಹುದು ಎಂದೂ ಹೇಳಿದ್ದೇನೆ. ಸಾಕ್ಷಿಗಳನ್ನೂ ಒಬ್ಬೊಬ್ಬರಾಗಿ ಅವರವರ ಮನೆಯಲ್ಲೇ ಕೇಳಿದ್ದೇನೆ. ನೀವು ಕಲಿಸಿದ ಒಂದನ್ನೂ ಬಿಟ್ಟಿಲ್ಲ."

"ಬಹಳ ಸಂತೋಷ" ಎಂದರು ಗುರುಗಳು.

ಶಿಷ್ಯ ಟೋಪಿ ಹಾಕಿಕೊಂಡು ಬಾಗಿಲವರೆಗೆ ಹೋದ. ಗುರುಗಳು ಕೂತಲ್ಲಿಂದಲೇ ಕೇಳಿದರು:

"ಕೆಂಪು ಹೆಲ್ಮೆಟ್ ಎಂಬ ಮಾತನ್ನು ಮೊದಲು ಆಡಿದವರು ಯಾರು?"

ಶಿಷ್ಯ ಹೊಸ್ತಿಲಲ್ಲೇ ನಿಂತ. ಹಾಕಿಕೊಂಡಿದ್ದ ಟೋಪಿಯನ್ನು ಮತ್ತೆ ತೆಗೆದ.